ದಾನ, ಪಾಲನೆ ಮತ್ತು ಸಲಹೆ: ಸೇವಾಸಂಸ್ಥೆಗಳ ಸಲಹೆಗಾರನ ವೃತ್ತಿ

ಕನ್ನಡ ನಾಡಿನ ದತ್ತಿಶಾಸನಗಳನ್ನು ಓದಿ ಬಲ್ಲವರಿಗೆ ಒಂದು ಸಂಗತಿ ಪರಿಚಿತವಾದುದೇ. ದಾನಿಯ ವಂಶ ಬಿರುದುಗಳ ವರ್ಣನೆ ಮುಗಿದೊಡನೆ ಶಾಸನವು ವ್ಯವಹಾರಕ್ಕೆ ಇಳಿಯುತ್ತದೆ. ಕೊಟ್ಟ ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಯಾವ ಕಾರ್ಯಕ್ಕಾಗಿ ಕೊಟ್ಟುದು, ಯಾರ ವಶದಲ್ಲಿ ಇರತಕ್ಕದ್ದು, ಸಾಕ್ಷಿಗಳು ಯಾರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಹೊನ್ನನ್ನು ಕೊಟ್ಟ ಪಕ್ಷದಲ್ಲಿ ಮೂಲಧನವನ್ನು ಊರ ಮಹಾಜನರ ವಶಕ್ಕೆ ಒಪ್ಪಿಸಿ, ಅದರ ಬಡ್ಡಿಯಿಂದ ನಂದಾದೀಪವೋ ಅನ್ನಸತ್ರವೋ ನಡೆಯತಕ್ಕದ್ದೆಂದು ವಿಧಿಸಿರುವುದೂ ಉಂಟು. ಕಡೆಗೆ ಬರುವ ಶಾಪಾಶಯದಲ್ಲಿ, ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದೇ ಹಿರಿದೆಂಬ ಭಾವ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಾನಿ ಮತ್ತು ಪಡೆದವರ ಜೊತೆಗೆ ಪಾಲಕನೆಂಬ ಮೂರನೆಯವನೊಬ್ಬನಿಲ್ಲದೆ ಧರ್ಮಕಾರ್ಯ ನಿಲ್ಲದೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು.

ಇಂದು ದತ್ತಿಯ ರೂಪ ಬದಲಾಗಿದೆ. ಅರಸನ ಸ್ಥಾನದಲ್ಲಿ ಉದ್ಯಮಿಯ ಪ್ರತಿಷ್ಠಾನವಿದೆ. ಅಗ್ರಹಾರ ಸತ್ರಗಳ ಸ್ಥಾನದಲ್ಲಿ ನೋಂದಾಯಿತ ಸೇವಾಸಂಸ್ಥೆಯಿದೆ. ಮಹಾಜನರ ಸ್ಥಾನ ಮಾತ್ರ ಹಲವರಲ್ಲಿ ಹಂಚಿಹೋಗಿದೆ. ಲೆಕ್ಕಪರಿಶೋಧಕನು ಒಂದು ಪಾಲನ್ನೂ ಸರಕಾರದ ಚಾರಿಟಿ ಕಮಿಷನರು ಇನ್ನೊಂದು ಪಾಲನ್ನೂ ವಹಿಸಿಕೊಂಡಿದ್ದಾರೆ. ಕಳೆದ ಎರಡು ಮೂರು ದಶಕಗಳಿಂದ ಇವರ ನಡುವೆ ಮತ್ತೊಬ್ಬನು ಬಂದು ನಿಂತಿದ್ದಾನೆ. ಎಲ್ಲಿ, ಎಷ್ಟು, ಹೇಗೆ ಕೊಡಬೇಕೆಂದು ದಾನಿಗೂ, ಪಡೆದುದನ್ನು ಹೇಗೆ ನಡೆಸಬೇಕೆಂದು ಸಂಸ್ಥೆಗೂ ಹೇಳಿ ಸಂಭಾವನೆ ಪಡೆಯುವ ಸಲಹೆಗಾರನೇ ಅವನು. ವಿದ್ಯಾವಂತ ತರುಣ ತರುಣಿಯರು ಜೀವನವಿಡೀ ಹಿಡಿಯಬಹುದಾದ ವೃತ್ತಿಯಾಗಿ ಇದು ಬೆಳೆದಿದೆ. ಇದು ಸೇವೆಯೋ, ವ್ಯಾಪಾರವೋ, ಕೇವಲ ದಲ್ಲಾಳಿಯ ಕೆಲಸವೋ ಎಂಬ ಸಂದೇಹ ಹಿರಿಯರಲ್ಲಿ ಮೂಡುವುದು ಸಹಜವೇ ಸರಿ. ಸಂದೇಹವನ್ನು ಪರಿಹರಿಸಿಕೊಳ್ಳಬೇಕಾದರೆ ಈ ವೃತ್ತಿ ಏಕೆ ಹುಟ್ಟಿತು, ಏನು ಮಾಡುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಕ್ರಮವಾಗಿ ನೋಡಬೇಕಾಗುತ್ತದೆ.

ಇದಕ್ಕೆ ಚೆಂಬೂರಿಗಿಂತ ತಕ್ಕ ನೆಲೆ ಮುಂಬಯಿಯಲ್ಲಿ ಸಿಕ್ಕುವುದು ಕಷ್ಟ. ಚೆಂಬೂರಿನ ತೆಂಕಣಕ್ಕೆ ಮಾಹುಲದ ತೈಲಶುದ್ಧಿ ಕಾರ್ಖಾನೆಗಳು, ರಾಷ್ಟ್ರೀಯ ರಾಸಾಯನಿಕ ಗೊಬ್ಬರದ ಕಾರ್ಖಾನೆ, ತುರ್ಭೆಯ ವಿದ್ಯುದಾಗಾರ ಮೊದಲಾದ ಮಹೋದ್ಯಮಗಳಿವೆ. ಮೂಡಣಕ್ಕೆ ಗೋವಂಡಿ, ಮಾನ್‌ಖುರ್ದ್‌ಗಳ ಕಿಕ್ಕಿರಿದ ಗುಡಿಸಲ ಕೇರಿಗಳೂ, 1927ರಿಂದ ನಗರದ ಕಸವನ್ನು ಹೊತ್ತು ಗುಡ್ಡವಾಗಿ ಬೆಳೆದ ದೇವನಾರದ ಕಸದ ನೆಲವೂ ಇವೆ. ಈ ಪ್ರದೇಶವನ್ನೊಳಗೊಂಡ ಎಂ-ಪೂರ್ವ ವಾರ್ಡು, ಮುಂಬಯಿಯ ಮಾನವ ಅಭಿವೃದ್ಧಿಯನ್ನು ಕುರಿತ 2009ರ ವರದಿಯಲ್ಲಿ ವಾರ್ಡುಗಳಲ್ಲೆಲ್ಲ ಕಡೆಯ ಸ್ಥಾನವನ್ನು ಪಡೆದಿದ್ದಿತು. ಈ ಎರಡರ ನಡುವೆ, ದೇವನಾರದ ಹೆದ್ದಾರಿಯ ಪಕ್ಕದಲ್ಲಿ, ಟಾಟಾ ಸಮಾಜವಿಜ್ಞಾನ ಸಂಸ್ಥೆ ನೆಲೆಸಿದೆ. ಕೊಡಬಲ್ಲವರು, ಬೇಕಾದವರು ಮತ್ತು ನಡುವಿನ ವಿದ್ಯೆಯನ್ನು ಕಲಿಸುವವರು, ಮೂವರೂ ಕೆಲವೇ ಮೈಲಿಗಳ ಅಂತರದಲ್ಲಿದ್ದಾರೆ. ಇಷ್ಟು ಸಮೀಪವಿದ್ದೂ ಕಾರ್ಖಾನೆಯ ಹಣ ಕೇರಿಯನ್ನು ಸಾರ್ಥಕವಾಗಿ ತಲಪುವುದು ಸುಲಭವಲ್ಲವೆಂಬುದೇ ಈ ವೃತ್ತಿಯ ಹುಟ್ಟಿಗೆ ಕಾರಣ.

ಆ ಸಂಸ್ಥೆಯ ಹುಟ್ಟೇ ಒಂದು ಸಲಹೆಯ ಫಲವೆಂಬುದು ಗಮನಾರ್ಹ. ಅಮೆರಿಕದ ಕ್ಲಿಫರ್ಡ್ ಮ್ಯಾನ್ಷಾರ್ಟ್ 1925ರಲ್ಲಿ ಮುಂಬಯಿಗೆ ಬಂದು, ನಾಗಪಾಡಾದ ಬಡವರ ನಡುವೆ ನೆರೆಹೊರೆಯ ಸೇವಾಗೃಹವೊಂದನ್ನು ಕಟ್ಟಿ ನಡೆಸಿದರು. ಆ ಅನುಭವದಿಂದ ಅವರಿಗೆ ಹೊಳೆದುದು, ಸದ್ಭಾವನೆಯೊಂದೇ ಸಾಲದು, ಸಮಾಜಕಾರ್ಯಕ್ಕೆ ಶಿಕ್ಷಣ ಪಡೆದ ಜನ ಬೇಕು ಎಂಬುದು. 1932ರಲ್ಲಿ ಸ್ಥಾಪಿತವಾದ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ವಿಶ್ವಸ್ತರು ಈ ವಿಚಾರಕ್ಕೆ ಬೆಂಬಲವಿತ್ತರು. 1936ರಲ್ಲಿ ಸಮಾಜಕಾರ್ಯದ ಪದವೀಧರ ಶಾಲೆ ಆರಂಭವಾಯಿತು. ಮ್ಯಾನ್ಷಾರ್ಟ್ ಅದರ ಮೊದಲ ನಿರ್ದೇಶಕರಾದರು. 1944ರಲ್ಲಿ ಅದು ಇಂದಿನ ಹೆಸರನ್ನು ಪಡೆಯಿತು, 1954ರಲ್ಲಿ ದೇವನಾರಕ್ಕೆ ಬಂದಿತು, 1964ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ಗಳಿಸಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರು ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದುದು ಕನ್ನಡಿಗರಿಗೆ ಸಂತೋಷದ ನೆನಪು. ಮ್ಯಾನ್ಷಾರ್ಟರ ಸಲಹೆಯಲ್ಲಿ ಮುಖ್ಯವಾದ ಅಂಶ ಬೇರೆಯೇ ಇದೆ. ಅವರು ಮೊದಲು ಕೇರಿಯಲ್ಲಿ ಇದ್ದು ಕಲಿತರು, ಅನಂತರ ದಾನಿಯ ಮುಂದೆ ಮಾತನಾಡಿದರು. ಅವರ ಸಲಹೆ ಅವರು ಹೋದ ಮೇಲೂ ಬಾಳುವ ಒಂದು ಸಂಸ್ಥೆಯಾಗಿ ನಿಂತಿತು. ಈ ಎರಡು ಲಕ್ಷಣಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಇಂದಿನ ವೃತ್ತಿಯನ್ನು ಅಳೆಯುವುದು ಸುಲಭ.

ಇಂದಿನ ವೃತ್ತಿಗೆ ವಿಸ್ತಾರವನ್ನು ತಂದುದು ಕಾನೂನು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಐನೂರು ಕೋಟಿ ರೂಪಾಯಿಯ ನಿವ್ವಳ ಮೌಲ್ಯ, ಸಾವಿರ ಕೋಟಿಯ ವಹಿವಾಟು, ಇಲ್ಲವೆ ಐದು ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪೆನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ಅದು ವಿಧಿಸಿತು. ಅಂದಿನವರೆಗೆ ಮಾಲೀಕನ ಮನಸ್ಸಿಗೆ ಬಿಟ್ಟಿದ್ದ ದಾನ ಆಡಳಿತ ಮಂಡಲಿಯ ಕರ್ತವ್ಯವಾಯಿತು. ಎಣ್ಣೆ, ಗೊಬ್ಬರ, ಸಿಮೆಂಟುಗಳನ್ನು ಬಲ್ಲ ಅಧಿಕಾರಿಗಳು ಅಂಗನವಾಡಿ, ಕ್ಷಯರೋಗ, ಅಂತರ್ಜಲಗಳ ವಿಷಯದಲ್ಲಿ ನಿರ್ಣಯ ಮಾಡಬೇಕಾಗಿ ಬಂದಿತು. ಅವರಿಗೆ ತಿಳಿದವರ ನೆರವು ಬೇಕಾದುದರಲ್ಲಿ ಆಶ್ಚರ್ಯವಿಲ್ಲ. ಸಲಹೆಯ ಸಂಸ್ಥೆಗಳು ಅದಕ್ಕೆ ಮೊದಲೂ ಇದ್ದುವು. ಮುಂಬಯಿಯಲ್ಲಿ 1999ರಲ್ಲಿ 'ದಸ್ರಾ', ಬೆಂಗಳೂರಿನಲ್ಲಿ 2009ರಲ್ಲಿ 'ಸತ್ತ್ವ' ಹುಟ್ಟಿದ್ದುವು. ಅಮೆರಿಕದ ಬಾಸ್ಟನ್ ನಗರದಲ್ಲಿ 2000ದಲ್ಲಿ, ವ್ಯಾಪಾರಿ ಸಲಹೆಗೆ ಹೆಸರಾದ ಬೇನ್ ಕಂಪೆನಿಯ ಆಶ್ರಯದಲ್ಲಿ ಹುಟ್ಟಿದ 'ಬ್ರಿಡ್ಜ್‌ಸ್ಪ್ಯಾನ್' 2015ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆಯಿತು. ಕಾಯಿದೆ ಬಂದ ಮೇಲೆ ಈ ಕ್ಷೇತ್ರ ಬಹುಬೇಗ ಬೆಳೆಯಿತು.

ಸಲಹೆಗಾರನು ನಿತ್ಯದಲ್ಲಿ ಮಾಡುವ ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ದಾನಿಯ ಪರವಾದ ಪರಿಶೀಲನೆ. ಬ್ಯಾಂಕಿನ ಸಾಲದ ವಿಭಾಗವನ್ನು ಬಲ್ಲವರಿಗೆ ಇದು ಹೊಸದಲ್ಲ. ಸಂಸ್ಥೆ ಯಾವ ಕಾಯಿದೆಯ ಕೆಳಗೆ ನೋಂದಾಯಿತವಾಗಿದೆ, 1860ರ ಸೊಸೈಟಿಗಳ ಕಾಯಿದೆಯೋ, 1950ರ ಪಬ್ಲಿಕ್ ಟ್ರಸ್ಟ್ ಕಾಯಿದೆಯೋ, ಲಾಭವಿಲ್ಲದ ಕಂಪೆನಿಯೋ? ಆದಾಯ ತೆರಿಗೆಯ ವಿನಾಯಿತಿ ಚಾಲ್ತಿಯಲ್ಲಿದೆಯೇ? ಮೂರು ವರ್ಷಗಳ ಪರಿಶೋಧಿತ ಲೆಕ್ಕ ಏನನ್ನು ಹೇಳುತ್ತದೆ? ವಿಶ್ವಸ್ತರೆಲ್ಲರೂ ಒಂದೇ ಮನೆಯವರೇ? ಕಾಗದವನ್ನು ಓದಿದ ಮೇಲೆ ಊರನ್ನು ಹೋಗಿ ನೋಡಬೇಕು. ಸಾಲಗಾರನ ಅಂಗಡಿಯನ್ನು ನೋಡದೆ ಸಾಲ ಮಂಜೂರು ಮಾಡುವ ಅಧಿಕಾರಿಗೂ ಶಾಲೆಯನ್ನು ನೋಡದೆ ವರದಿ ಬರೆಯುವ ಸಲಹೆಗಾರನಿಗೂ ಭೇದವಿಲ್ಲ.

ಎರಡನೆಯದು ಸಂಸ್ಥೆಯನ್ನು ಕಟ್ಟುವ ಕೆಲಸ. ಸಾಮಾನ್ಯವಾಗಿ ಒಬ್ಬ ಉತ್ಸಾಹಿಯ ಸುತ್ತ ಬೆಳೆದ ಸಂಸ್ಥೆಯಲ್ಲಿ ಲೆಕ್ಕ, ನಿಯಮ, ನೇಮಕ ಎಲ್ಲವೂ ಆ ವ್ಯಕ್ತಿಯ ತಲೆಯಲ್ಲಿರುತ್ತವೆ. ಅವುಗಳನ್ನು ಪುಸ್ತಕಕ್ಕೆ ಇಳಿಸುವುದು, ಎರಡನೆಯ ಸಾಲಿನ ಕಾರ್ಯಕರ್ತರನ್ನು ಸಿದ್ಧಪಡಿಸುವುದು, ಒಬ್ಬನೇ ದಾನಿಯನ್ನು ನೆಚ್ಚದಂತೆ ಆದಾಯದ ಮೂಲಗಳನ್ನು ಹರಡುವುದು, ಸ್ಥಾಪಕನು ನಿವೃತ್ತನಾದ ಮರುದಿನವೂ ಬಾಗಿಲು ತೆರೆದಿರುವಂತೆ ಮಾಡುವುದು, ಇವು ಈ ಕೆಲಸದ ಅಂಗಗಳು. ಕಣ್ಣಿಗೆ ಕಾಣದ ಕೆಲಸವಾದುದರಿಂದ ಇದಕ್ಕೆ ಹಣ ಕೊಡುವವರು ವಿರಳ. ಮೂರನೆಯದು ಫಲವನ್ನು ಅಳೆಯುವ ಕೆಲಸ. 2021ರಲ್ಲಿ ತಿದ್ದಿದ ನಿಯಮಗಳು, ಸಮಾಜಕಾರ್ಯದ ಹೊಣೆ ಮೂರು ವರ್ಷಗಳ ಸರಾಸರಿಯಲ್ಲಿ ಹತ್ತು ಕೋಟಿ ರೂಪಾಯಿಯಷ್ಟಿರುವ ಕಂಪೆನಿಗಳು ತಮ್ಮ ಒಂದು ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು, ಯೋಜನೆ ಮುಗಿದು ಒಂದು ವರ್ಷವಾದ ಮೇಲೆ, ಸ್ವತಂತ್ರರಾದವರಿಂದ ಪರೀಕ್ಷೆ ಮಾಡಿಸಬೇಕೆಂದು ವಿಧಿಸಿದುವು. ಈ ವೃತ್ತಿಯಲ್ಲಿ ಕಾಲಿಡುವ ಎಷ್ಟೋ ಮಂದಿ ತರುಣರ ಮೊದಲ ಕೆಲಸ ಇದೇ ಆಗಿರುತ್ತದೆ.

ವೃತ್ತಿಯ ತೊಡಕು ಇರುವುದು ಇಲ್ಲಿಯೇ. ವೈದ್ಯನಿಗೆ ಹಣ ಕೊಡುವವನು ರೋಗಿ. ಗುಣವಾಗದಿದ್ದರೆ ಅವನೇ ವೈದ್ಯನನ್ನು ಬಿಡುತ್ತಾನೆ. ಸೇವಾಸಂಸ್ಥೆಗಳ ಸಲಹೆಗಾರನಿಗೆ ಬಹುಮಟ್ಟಿಗೆ ಹಣ ಕೊಡುವವನು ದಾನಿ. ಸಲಹೆಯ ಭಾರವನ್ನು ಹೊರುವುದು ಸಂಸ್ಥೆ. ಅದರ ಫಲವನ್ನೋ ಕೇಡನ್ನೋ ಉಣ್ಣುವವರು ಗೋವಂಡಿಯ ತಾಯಿ ಮಕ್ಕಳು. ಈ ಮೂರನೆಯವರಿಗೆ ಸಲಹೆಗಾರನನ್ನು ನೇಮಿಸುವ ಅಧಿಕಾರವೂ ಇಲ್ಲ, ತೆಗೆಯುವ ಅಧಿಕಾರವೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಹುಟ್ಟಿದುದು ಇಂಥ ನಡುವಿನವರನ್ನು ನೋಡಿಯೇ. ಸಲಹೆಗಾರನು ದಾನಿಗೆ ಪ್ರಿಯವಾದುದನ್ನು ಹೇಳಿದರೆ ಮುಂದಿನ ಕೆಲಸ ನಿಶ್ಚಿತ. ಅಪ್ರಿಯವಾದ ಸತ್ಯವನ್ನು ಹೇಳಿದರೆ ಅನಿಶ್ಚಿತ. ಆದುದರಿಂದ ಈ ವೃತ್ತಿಯ ನೀತಿಯೆಲ್ಲ ಒಂದು ಪ್ರಶ್ನೆಯಲ್ಲಿ ಅಡಗಿದೆ: ಕೋಣೆಯಲ್ಲಿ ಇಲ್ಲದವರ ಪರವಾಗಿ ಅವನು ದಾನಿಯೊಡನೆ ಮಾತನಾಡಬಲ್ಲನೆ?

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಬಡಮಕ್ಕಳಿಗೆ ಸಂಜೆಯ ಪಾಠ ನಡೆಸುವ ಒಂದು ಸಂಸ್ಥೆಯ ವಾರ್ಷಿಕ ವೆಚ್ಚ ಹತ್ತು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಎಂಟು ಲಕ್ಷ ಶಿಕ್ಷಕರ ವೇತನಕ್ಕೆ ಮತ್ತು ಪುಸ್ತಕಗಳಿಗೆ. ಉಳಿದ ಎರಡು ಲಕ್ಷ ಬಾಡಿಗೆ, ಗುಮಾಸ್ತ, ಲೆಕ್ಕಪರಿಶೋಧನೆ, ಶಿಕ್ಷಕರ ತರಬೇತಿ ಇವುಗಳಿಗೆ. ದಾನಿಗಳು ಎಂಟು ಲಕ್ಷವನ್ನು ಕೊಟ್ಟು, ಆಡಳಿತಕ್ಕೆಂದು ಅದರ ಮೇಲೆ ಶೇಕಡ 5ನ್ನು ಮಾತ್ರ ಒಪ್ಪಿದರೆ ಬರುವುದು ನಲವತ್ತು ಸಾವಿರ. ಕೊರತೆ ಒಂದು ಲಕ್ಷ ಅರುವತ್ತು ಸಾವಿರ. ಸಂಸ್ಥೆಯ ಮುಂದೆ ಆಗ ಮೂರೇ ದಾರಿಗಳು: ಕೂಡಿಟ್ಟ ನಿಧಿಯನ್ನು ಕರಗಿಸುವುದು, ಶಿಕ್ಷಕರ ಸಂಬಳವನ್ನು ಇಳಿಸುವುದು, ಇಲ್ಲವೆ ಬಾಡಿಗೆಯನ್ನು ಪುಸ್ತಕದ ಖಾತೆಗೆ ಬರೆಯುವುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟುದು. ಸಜ್ಜನರಿಗೆ ಲೆಕ್ಕದಲ್ಲಿ ಸುಳ್ಳಾಡುವುದನ್ನು ಅದು ಕಲಿಸುತ್ತದೆ.

ಈ ಶೇಕಡ 5ರ ಮಿತಿ ಬಂದುದು ಕಂಪೆನಿ ಕಾಯಿದೆಯ ನಿಯಮದಿಂದಲೇ. ಆದರೆ ಅದು ಕಂಪೆನಿಯು ತನ್ನ ಸಮಾಜಕಾರ್ಯ ವಿಭಾಗದ ಸಾಮಾನ್ಯ ಆಡಳಿತಕ್ಕೆ ತೋರಿಸಬಹುದಾದ ವೆಚ್ಚದ ಮಿತಿ. ಕಾರ್ಯ ನಡೆಸುವ ಸೇವಾಸಂಸ್ಥೆಯ ವೆಚ್ಚಕ್ಕೆ ಹಾಕಿದ ಮಿತಿಯಲ್ಲ. ಈ ಭೇದವನ್ನು ಅರಿಯದೆ ಸಂಸ್ಥೆಗಳ ಮೇಲೂ ಅದನ್ನು ಹೇರುವುದುಂಟು. ಬ್ರಿಡ್ಜ್‌ಸ್ಪ್ಯಾನ್ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ ಭಾರತೀಯ ಸಂಸ್ಥೆಗಳ ಪರೋಕ್ಷ ವೆಚ್ಚ ಶೇಕಡ 5ರಿಂದ 51ರವರೆಗೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದು ಕಂಡುಬಂದಿತು. ಎಲ್ಲರಿಗೂ ಒಂದೇ ಅಳತೆಯ ಅಂಗಿಯನ್ನು ಹೊಲಿಯುವುದು ಸಲ್ಲದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ. ಇದೇ ಮಾತನ್ನು ಸಂಸ್ಥೆಯ ಕಾರ್ಯದರ್ಶಿ ಹೇಳಿದರೆ ಬೇಡಿಕೆಯೆನಿಸುತ್ತದೆ. ಸಲಹೆಗಾರನು ನಿಯಮವನ್ನೂ ಅಂಕಿಗಳನ್ನೂ ಮುಂದಿಟ್ಟು ಹೇಳಿದರೆ ವಿಚಾರವೆನಿಸುತ್ತದೆ. ಅವನು ಸಂಭಾವನೆಗೆ ಅರ್ಹನಾಗುವುದು ಇಂಥ ಗಳಿಗೆಯಲ್ಲಿ.

ಅಳತೆಯ ವಿಷಯದಲ್ಲಿಯೂ ಇಂಥದೇ ವಿವೇಕ ಬೇಕು. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬುದು ಹಳೆಯ ಮಾತು, ಅಳತೆಯನ್ನು ಹಳಿಯಬೇಕಾಗಿಲ್ಲ. ಆದರೆ ಏನನ್ನು ಅಳೆಯಬೇಕು? ಹಂಚಿದ ಚೀಲಗಳೆಷ್ಟು, ಹಾಜರಾದ ಮಕ್ಕಳೆಷ್ಟು ಎಂದು ಎಣಿಸುವುದು ಸುಲಭ. ಮಗು ಓದಲು ಕಲಿತಿತೆ ಎಂದು ನೋಡುವುದು ಕಷ್ಟ. 1990ರ ದಶಕದ ನಡುವೆ ಮುಂಬಯಿಯ ಕೇರಿಗಳಲ್ಲಿ ಬಾಲವಾಡಿಗಳಿಂದ ಆರಂಭಿಸಿದ 'ಪ್ರಥಮ್' ಸಂಸ್ಥೆ, 2005ರಿಂದ ಹಳ್ಳಿಗಳ ಮನೆಮನೆಗೆ ಹೋಗಿ ಒಂದು ಹಾಳೆಯ ಸರಳ ಪಾಠವನ್ನು ಮಕ್ಕಳಿಂದ ಓದಿಸುವ ಸಮೀಕ್ಷೆಯನ್ನು ನಡೆಸತೊಡಗಿತು. 2018ರ ಸಮೀಕ್ಷೆಯಲ್ಲಿ ಐದನೆಯ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರಾಗಿದ್ದರು. ಶಾಲೆಗೆ ಸೇರಿದವರ ಸಂಖ್ಯೆಯನ್ನು ನೋಡಿ ಹಿಗ್ಗುತ್ತಿದ್ದವರನ್ನು ಈ ಅಳತೆ ಎಚ್ಚರಿಸಿತು. ಅದರ ಗುಣವೆಂದರೆ, ಓದು ಬಾರದ ತಾಯಿಗೂ ಅದು ತಿಳಿಯುವಂತಿತ್ತು. ಅಳೆಯಲ್ಪಡುವವರಿಗೆ ತಿಳಿಯದ ಅಳತೆ ದಾನಿಯ ವಾರ್ಷಿಕ ವರದಿಗೆ ಅಲಂಕಾರವಾದೀತೇ ಹೊರತು ಕೇರಿಗೆ ಕನ್ನಡಿಯಾಗದು.

ಕೇರಿಯಿಂದ, ಹಳ್ಳಿಯಿಂದ ಕಲಿತು ದಾನಿಗೆ ಹೇಳುವ ಕ್ರಮಕ್ಕೆ ಕನ್ನಡ ನಾಡಿನಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. 'ಮೈರಾಡ' ಸಂಸ್ಥೆ 1968ರಲ್ಲಿ ಹುಟ್ಟಿದುದು ಟಿಬೇಟಿನ ನಿರಾಶ್ರಿತರ ಪುನರ್ವಸತಿಗಾಗಿ. ಆ ಕಾರ್ಯ ಮುಗಿಯುತ್ತ ಬಂದಂತೆ ಅದು ಗ್ರಾಮೀಣ ಬಡವರತ್ತ ತಿರುಗಿತು. ಅದರ ನೆರವಿನಿಂದ ನಡೆಯುತ್ತಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು 1984-85ರ ಸುಮಾರಿಗೆ, ಮುಂದಾಳುಗಳಲ್ಲಿ ನಂಬಿಕೆ ಕಳೆದುಹೋಗಿ, ಒಡೆದುವು. ಒಡೆದ ಸಂಘದ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲವನ್ನು ತೀರಿಸಲು ತಾವು ಸಿದ್ಧರೆಂದೂ ಆದರೆ ಸಂಘಕ್ಕೆ ಕೊಡಲು ಒಲ್ಲೆವೆಂದೂ ಹೇಳಿದರು. ಯೋಜನೆ ಕೆಟ್ಟಿತೆಂದು ಕಡತವನ್ನು ಮುಚ್ಚಬಹುದಾಗಿತ್ತು. ಅಲೋಶಿಯಸ್ ಫರ್ನಾಂಡಿಸರ ನೇತೃತ್ವದಲ್ಲಿ ಸಂಸ್ಥೆ ಹಾಗೆ ಮಾಡದೆ, ಆ ಗುಂಪುಗಳು ಏಕೆ ಒಡೆಯಲಿಲ್ಲವೆಂದು ವಿಚಾರಿಸಿತು. ಪರಸ್ಪರ ಬಲ್ಲವರ, ನಂಬಿದವರ ಸಣ್ಣ ಕೂಟವೇ ಬಡವರ ನಿಜವಾದ ಬ್ಯಾಂಕೆಂಬುದು ಆಗ ಹೊಳೆಯಿತು. ಸ್ವಸಹಾಯ ಸಂಘದ ಕಲ್ಪನೆ ಹೀಗೆ ಸೋಲಿನ ಮಗ್ಗುಲಲ್ಲಿ ಹುಟ್ಟಿತು.

ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ನಬಾರ್ಡ್ ಬ್ಯಾಂಕು 1987ರ ಸುಮಾರಿಗೆ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿಗಳನ್ನಿತ್ತಿತು. ಬ್ಯಾಂಕಿನವರಿಗೆ ಇದು ಸುಲಭದ ನಿರ್ಣಯವಾಗಿರಲಿಲ್ಲ. ನೋಂದಣಿಯಿಲ್ಲದ ಕೂಟಕ್ಕೆ ಖಾತೆ ತೆರೆಯುವುದು ಹೇಗೆ? ಆಧಾರವಿಲ್ಲದೆ ಸಾಲ ಕೊಡುವುದು ಹೇಗೆ? ಹಣವನ್ನು ಬಿತ್ತನೆಗೆ ಬಳಸಿದರೋ ಮಗಳ ಮದುವೆಗೋ ಎಂದು ಕೇಳದಿರುವುದು ಹೇಗೆ? ಪ್ರಯೋಗದ ಫಲ ಈ ಪ್ರಶ್ನೆಗಳಿಗೆ ಉತ್ತರವಾಯಿತು. 1991ರಲ್ಲಿ ರಿಸರ್ವ್ ಬ್ಯಾಂಕು ಅನುಮತಿಯಿತ್ತಿತು. 1992ರಲ್ಲಿ ಐನೂರು ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭವಾಗಿ, ಮುಂದೆ ದೇಶವ್ಯಾಪಿಯಾಗಿ ಬೆಳೆಯಿತು. ಹಳ್ಳಿಯ ಹೆಂಗಸರ ವಿವೇಕವನ್ನು ಬ್ಯಾಂಕಿನ ಸುತ್ತೋಲೆಯ ಭಾಷೆಗೆ ತಿರುಗಿಸಿದ ಈ ಕಾರ್ಯವೇ ಸಲಹೆಯ ಪರಮಾವಧಿ. ಅಲ್ಲಿ ಸಲಹೆ ಮೇಲಿನಿಂದ ಕೆಳಗೆ ಹರಿಯಲಿಲ್ಲ, ಕೆಳಗಿನಿಂದ ಮೇಲೆ ಏರಿತು.

ಇಂಥ ವೃತ್ತಿಗೆ ಬರಬಯಸುವವರಿಗೆ ದಾರಿಗಳು ಹಲವು. ದೇವನಾರದ ಸಂಸ್ಥೆಯಿದೆ, ಗುಜರಾತಿನ ಆಣಂದದಲ್ಲಿ 1979ರಲ್ಲಿ ಸ್ಥಾಪಿತವಾದ ಗ್ರಾಮೀಣ ವ್ಯವಸ್ಥಾಪನ ಸಂಸ್ಥೆಯಿದೆ, ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವಿದೆ. ಲೆಕ್ಕಪರಿಶೋಧಕರೂ, ವಕೀಲರೂ, ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ತಮ್ಮ ತಮ್ಮ ವಿದ್ಯೆಯ ಬಲದಿಂದ ಬರುವುದುಂಟು. ಪದವಿಗಿಂತ ಮುಖ್ಯವಾದುದು ಕ್ರಮ. ಕಾಲೇಜನ್ನು ಬಿಟ್ಟೊಡನೆ ಸಲಹೆಗಾರನ ಕುರ್ಚಿಯಲ್ಲಿ ಕುಳಿತವನಿಗೆ ಸಂಬಳ ಬಂದೀತು, ಅಧಿಕಾರವಾಣಿ ಬಾರದು. ಒಂದು ಸೇವಾಸಂಸ್ಥೆಯಲ್ಲಿ ಕೆಲವು ವರ್ಷ ದುಡಿದು, ದಾನಿಯ ಕಂತು ತಡವಾದ ತಿಂಗಳಲ್ಲಿ ಶಿಕ್ಷಕಿಗೆ ಸಂಬಳ ಕೊಡುವ ಕಷ್ಟವನ್ನು ಕಂಡವನೇ ಮುಂದೆ ದಾನಿಗೆ ಹಿತವನ್ನು ಹೇಳಬಲ್ಲ. ಸಂಭಾವನೆಯ ವಿಷಯದಲ್ಲಿಯೂ ಒಂದು ಗೆರೆಯುಂಟು. ತಂದುಕೊಟ್ಟ ದೇಣಿಗೆಯಲ್ಲಿ ಶೇಕಡಾವಾರು ಪಾಲು ಪಡೆಯುವುದನ್ನು ಅಮೆರಿಕದ ನಿಧಿಸಂಗ್ರಾಹಕರ ವೃತ್ತಿಸಂಘದ ನೀತಿಸಂಹಿತೆ ನಿಷೇಧಿಸಿದೆ. ಮಾಡಿದ ಕೆಲಸಕ್ಕೆ ಕೂಲಿ ನ್ಯಾಯವಾದುದು. ದಾನದಲ್ಲಿ ಪಾಲು ದಲ್ಲಾಳಿತನ.

ಮುಂಬಯಿಯ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘ ಇವೆಲ್ಲವೂ ವಲಸೆ ಬಂದವರು ಚಂದಾ ಎತ್ತಿ ಕಟ್ಟಿದ ಸಂಸ್ಥೆಗಳು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಇರುಳು ಓದಿ ಗುಮಾಸ್ತರೂ ಅಧಿಕಾರಿಗಳೂ ಆದುದು ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಿಂದ. ಬಿಲ್ಲವರ ಸಂಘಟನೆಯ ಯತ್ನದಿಂದ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ತಲೆಯೆತ್ತಿತು. ಆಗ ಸಲಹೆಗಾರರಿರಲಿಲ್ಲ, ಸಂಜೆಯ ಹೊತ್ತು ಬ್ಯಾಂಕಿನಿಂದಲೋ ಮಿಲ್ಲಿನಿಂದಲೋ ನೇರವಾಗಿ ಸಂಘಕ್ಕೆ ಬಂದು, ಲೆಕ್ಕ ಬರೆದು, ಕಡೆಯ ಗಾಡಿಗೆ ಮನೆಗೆ ಹೋಗುತ್ತಿದ್ದ ಗೌರವ ಕಾರ್ಯದರ್ಶಿಗಳಿದ್ದರು. ಪಾಲನೆ ಎಂಬ ಮಾತಿಗೆ ಅವರೇ ಅರ್ಥವಾಗಿದ್ದರು.

ಆ ಪೀಳಿಗೆ ಸರಿಯುತ್ತಿದೆ. ಕಾನೂನು ಮಾತ್ರ ಬೆಳೆಯುತ್ತಿದೆ. ವಿಶ್ವಸ್ತರು ಬದಲಾದರೆ ತೊಂಬತ್ತು ದಿನಗಳೊಳಗೆ ಚಾರಿಟಿ ಕಮಿಷನರ ಕಚೇರಿಗೆ ವರದಿ ಹೋಗಬೇಕು. ಒಮ್ಮೆ ಪಡೆದರೆ ಶಾಶ್ವತವೆಂದಿದ್ದ ತೆರಿಗೆ ವಿನಾಯಿತಿಯ ನೋಂದಣಿಯನ್ನು ನಿಯತಕಾಲಕ್ಕೆ ನವೀಕರಿಸಬೇಕೆಂಬ ನಿಯಮ 2021ರಲ್ಲಿ ಜಾರಿಗೆ ಬಂದಿತು. ವಿದೇಶದ ದೇಣಿಗೆಯ ಕಾನೂನು 2020ರ ತಿದ್ದುಪಡಿಯಿಂದ ಬಿಗಿಯಾಗಿ, ಅಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದು ನಿಷಿದ್ಧವಾಯಿತು. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ಒಂದು ನಮೂನೆಯನ್ನು ಸಲ್ಲಿಸಲು ಮರೆತುದರಿಂದ ಅರ್ಧ ಶತಮಾನದ ಸಂಘವೊಂದು ತೆರಿಗೆಯ ಕೊಂಡಿಗೆ ಸಿಕ್ಕಿಕೊಳ್ಳಬಹುದು. ನಿಷ್ಠೆಯಿದ್ದೂ ವಿದ್ಯೆ ಸಾಲದ ಈ ಸ್ಥಿತಿಯಲ್ಲಿ ಸಲಹೆಗಾರನ ನೆರವನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ಈ ವಿದ್ಯೆಯನ್ನು ವೃತ್ತಿಯಾಗಿ ಹಿಡಿದ ಮನೆಯ ಮಕ್ಕಳನ್ನು ಸಂಘದ ವಾರ್ಷಿಕೋತ್ಸವಕ್ಕೆ ಕರೆದು ಹೂಮಾಲೆ ಹಾಕುವುದಕ್ಕಿಂತ, ಅದರ ಲೆಕ್ಕದ ಪುಸ್ತಕದ ಮುಂದೆ ಒಂದು ಸಂಜೆ ಕೂರಿಸುವುದು ಮೇಲು.

ಹಾಗೆ ಕೂರಿಸುವಾಗ ಶಾಸನದ ಮಹಾಜನರಿಗೂ ಇಂದಿನ ಸಲಹೆಗಾರನಿಗೂ ಇರುವ ಅಂತರವನ್ನು ಮರೆಯಬಾರದು. ಮಹಾಜನರು ಊರಿನಲ್ಲಿಯೇ ಇದ್ದರು; ದೀಪ ನಂದಿದರೆ ಅವರ ಮನೆಯ ಮುಂದಿನ ಗುಡಿಯೇ ಕತ್ತಲಾಗುತ್ತಿತ್ತು. ಸಲಹೆಗಾರನು ಒಪ್ಪಂದ ಮುಗಿದೊಡನೆ ಹೊರಟುಹೋಗುವವನು. ಅವನು ಪಾಲಕನಲ್ಲ, ಪಾಲಕರನ್ನು ಸಿದ್ಧಪಡಿಸುವವನು. ಮೂರು ವರ್ಷಗಳ ಮೇಲೂ ಅವನಿಲ್ಲದೆ ಸಂಸ್ಥೆ ತನ್ನ ಲೆಕ್ಕವನ್ನು ತಾನು ಬರೆಯಲಾರದಾದರೆ, ದಾನಿಯ ಪ್ರಶ್ನೆಗೆ ತಾನು ಉತ್ತರ ಕೊಡಲಾರದಾದರೆ, ಅ‌ವನ ವರದಿ ಎಷ್ಟು ಅಂದವಾಗಿದ್ದರೂ ಕೆಲಸ ಕೆಟ್ಟಂತೆಯೇ. ಅವನು ಹೋದ ಮರುದಿನ ಸಂಜೆ ಗೋವಂಡಿಯ ಕೋಣೆಯಲ್ಲಿ ಎಂದಿನಂತೆ ದೀಪ ಹೊತ್ತಿ ಪಾಠ ನಡೆದರೆ, ಅದೇ ಅವನ ವೃತ್ತಿಯ ಸಾರ್ಥಕ್ಯ.